ತಾರಿಯ ದಡದಲ್ಲಿ ಕಾರು ನೋಡುತ್ತಿದ್ದ ಮಾಸ್ತರರು

ನಾನು ಅಜ್ಜಿಯಾದೆ! ಇವತ್ತು ಬೆಳಿಗ್ಗೆ, ಅಂಗಳಕ್ಕೆ ಬಿಸಿಲು ಬೀಳುವ ಹೊತ್ತಿಗೆ, ನನ್ನ ಮಗಳು ದೇವಕಿ ಹೆಣ್ಣು ಮಗು ಹೆತ್ತಳು. ಕೆಂಪು ಮಗು, ತಲೆ ತುಂಬ ಕೂದಲು, ಮುಷ್ಟಿ ಬಿಗಿ ಹಿಡಿದು ಯಾರ ಮೇಲೋ ಸಿಟ್ಟಾದ ಹಾಗೆ ಮೋರೆ. ನರ್ಸಬಾಯಿ “ಎರಡೂ ಜೀವ ಚೆನ್ನಾಗಿವೆ” ಎಂದು ಕೈ ತೊಳೆದುಕೊಂಡಳೋ ಇಲ್ಲವೋ, ನಾನು ಸೀರೆ ಎತ್ತಿ ಕಟ್ಟಿ ಹೊಳೆಯ ದಡಕ್ಕೆ ಓಡಿದೆ. ನಮ್ಮವರು ಆಗಷ್ಟೇ ತಾರಿಯ ಮೇಲೆ ಹೊರಟಿದ್ದರು. “ಹೆಣ್ಣು! ಹೆಣ್ಣು ಮಗು!” ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ, ತಾರಿಯಲ್ಲಿದ್ದ ಉಳಿದವರಿಗೆಲ್ಲ ಕೇಳಿಸಿತು. ಒಬ್ಬರ ಬಾಯಿಂದ ಒಬ್ಬರಿಗೆ ದಾಟಿ ಕೊನೆಗೆ ಅವರಿಗೆ ಮುಟ್ಟಿತು. ಹೆಗಲ ಮೇಲಿನ ಟವೆಲು ತೆಗೆದು ಬೀಸಿದರು. ಗುರುತು ಪರಿಚಯ ಇಲ್ಲದ ಜನರೂ ಬೀಸಿದರು. ಅಷ್ಟು ಕೈ ನನ್ನ ಕಡೆಗೆ ಬೀಸಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ವಾಪಸು ಬರುವಾಗ ದಾರಿಯ ಮೇಲೆ ಡ್ರಾಯಿಂಗ್ ಮಾಸ್ತರರ ನೆನಪಾಯಿತು. ಅವರು ನಮ್ಮ ನೆಂಟರಲ್ಲ, ನಮ್ಮ ಜಾತಿಯವರಲ್ಲ, ನಮ್ಮ ಊರಿನವರೂ ಅಲ್ಲ. ಪೆನ್ಶನ್ ಆಗಿ ಶಿರಸಿಯ ತಂಗಿಯ ಮನೆಗೆ ಹೋಗಿ ಎರಡು ವರ್ಷವಾಯಿತು. ಆದರೆ ಅವರು ಒಂದು ಭಾನುವಾರ ಒಂದು ಸಣ್ಣ ತಪ್ಪು ಮಾಡಿದರು, ಆಮೇಲೆ ಒಂದು ಸೋಮವಾರ ಅದನ್ನು ತಾವೇ ಹೋಗಿ ಒಪ್ಪಿಕೊಂಡರು. ಆ ಎರಡೂ ಆಗದೇ ಇದ್ದರೆ ಈ ಮಗು ನನ್ನ ಮಡಿಲಿಗೆ ಬರುತ್ತಿರಲಿಲ್ಲ. ಅದಕ್ಕೇ ಸಂತೋಷ ಆರುವ ಮೊದಲು ಅವರ ವಿಷಯ ಬರೆದು ಇಡುತ್ತಿದ್ದೇನೆ. ನಾನು ಮೂರನೇ ಇಯತ್ತೆ ಓದಿದವಳು. ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ನೀವೇ ಸರಿಪಡಿಸಿಕೊಳ್ಳಿ.

ಹೊನ್ನಾವರದಲ್ಲಿ ಶರಾವತಿ ದಾಟಬೇಕಾದರೆ ಕಾರಿಗೂ ಲಾರಿಗೂ ತಾರಿಯೇ ಗತಿ. ಎರಡು ದೊಡ್ಡ ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾರು ಹತ್ತಿಸಿ ಆಚೆ ದಡಕ್ಕೆ ಒಯ್ಯುತ್ತಾರೆ. ಕಾರು ಹತ್ತಲು ದಡದಿಂದ ಹಲಗೆ ಹಾಕುವವರು ನಮ್ಮವರು. ನಾನು ದಡದ ಮೇಲೆ ಚಾ ಅಂಗಡಿ ಇಟ್ಟವಳು. ಹೊಳೆಯ ನೀರು ಇಳಿದಾಗ ತಾರಿ ನಿಲ್ಲುತ್ತದೆ, ನೀರು ಏರುವ ತನಕ ಕಾರುಗಳು ಸಾಲಾಗಿ ಕಾಯುತ್ತವೆ. ಆ ಒಂದೆರಡು ತಾಸು ಕಾರಿನವರಿಗೆ ಬೇಸರ, ನನಗೆ ವ್ಯಾಪಾರ, ಮಾಸ್ತರರಿಗೆ ಹಬ್ಬ.

ಅವರು ಕುಮಟೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು, ಹಳದೀಪುರದಲ್ಲಿ ಕೋಣೆ ಹಿಡಿದು ಒಬ್ಬರೇ ಇದ್ದರು. ಹೆಂಡತಿ ಮಕ್ಕಳ ಮಾತು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಭಾನುವಾರ ಒಂಬತ್ತರ ಬಸ್ಸಿಗೆ ಬಂದು ಇಳಿಯುವರು. ಕಪ್ಪು ಟೋಪಿ, ಕಚ್ಚೆ ಪಂಚೆ, ಬಗಲಲ್ಲಿ ಕೊಡೆ, ಹೊಟ್ಟೆಯ ಮೇಲೆ ಡಬ್ಬಿ ಕ್ಯಾಮರಾ. ಮೊದಲ ಸಲ ಕಂಡಾಗ ಯಾರೋ ತಪಾಸಣೆಯ ಸಾಹೇಬರು ಎಂದುಕೊಂಡು ನಾನು ಸೀಳು ಬಿಟ್ಟ ಲೋಟಗಳನ್ನೆಲ್ಲ ಒಳಗೆ ಅಡಗಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಸೀದಾ ಸಾಲಿನ ಕೊನೆಯ ಕಾರಿನ ಹತ್ತಿರ ಹೋಗಿ, ಅದನ್ನು ಒಂದು ಸುತ್ತು ಬಂದು, ಕೊಡೆ ನೆಲಕ್ಕಿಟ್ಟು, ಅದರ ಎದುರು ಕುಕ್ಕರುಗಾಲಲ್ಲಿ ಕೂತರು. ಕೂತವರು ಏಳಲಿಲ್ಲ. ನಾನು ಎರಡು ಸಲ ಚಾ ಕುದಿಸಿದೆ.

“ಮೈಯಾಗೆ ಹುಷಾರಿಲ್ವಾ ನೋಡು ಆ ಮನಷಂಗೆ,” ಎಂದು ನಮ್ಮವರನ್ನು ಕಳಿಸಿದೆ.

ನಮ್ಮವರು ಹೋಗಿ ಕೇಳಿ ಬಂದು ಹೇಳಿದರು: “ಹುಷಾರದಾರೆ. ಕಾರು ನೋಡ್ತದಾರಂತೆ.”

ಅವರಿಗೆ ಕೆಲವು ಪದ್ಧತಿಗಳಿದ್ದವು. ಇಂಜಿನು ಚಾಲೂ ಇರುವ ಕಾರಿನ ಫೋಟೋ ತೆಗೆಯುವುದಿಲ್ಲ, ಅದಕ್ಕೆ ಹೊರಡುವ ಅವಸರ ಇರುತ್ತದೆ ಎನ್ನುವರು. ಅಪ್ಪಣೆ ಕೇಳುವುದು ಡ್ರೈವರನನ್ನು, ಯಜಮಾನರನ್ನಲ್ಲ. ಕಾರಿನ ಮೈಮೇಲೆ ಕೆಸರಿದ್ದರೆ ತಮ್ಮ ಕರವಸ್ತ್ರದಿಂದಲೇ ಒರೆಸುವರು. ಮಧ್ಯಾಹ್ನದ ಹೊತ್ತಿಗೆ ಆ ಕರವಸ್ತ್ರ ನನ್ನ ಒಲೆಯ ಮಸಿಬಟ್ಟೆಗಿಂತ ಕಡೆಯಾಗಿರುತ್ತಿತ್ತು. ನಾಲ್ಕು ತಾಸು ನೋಡಿ ಎರಡೇ ಫೋಟೋ. ಮೂರನೆಯದು ಅಂತ ಇಲ್ಲ. ಯಾರಾದರೂ ಹಲ್ಲು ಕಿಸಿದು ಕಾರಿನ ಪಕ್ಕ ಬಂದು ನಿಂತರೆ, “ದಯಮಾಡಿ ಸರೀರಿ, ಚಕ್ರ ಕಾಣುವುದಿಲ್ಲ” ಎನ್ನುವರು. ಒಮ್ಮೆ ಕಚೇರಿಯ ಒಬ್ಬ ದೊಡ್ಡ ಸಾಹೇಬರಿಗೂ ಹಾಗೇ ಹೇಳಿದರು. ಸಾಹೇಬರು ಸರಿದರು!

ಭಟ್ಕಳದ ಒಬ್ಬ ವಯಸ್ಸಾದ ಸಾಹುಕಾರರು ಮದ್ರಾಸಿನಲ್ಲಿ ವ್ಯಾಪಾರ ಮಾಡುತ್ತಿದ್ದವರು. ಉದ್ದನೆಯ ಹಸಿರು ಕಾರಿನಲ್ಲಿ ವರ್ಷಕ್ಕೆರಡು ಸಲ ಊರಿಗೆ ಬರುತ್ತಿದ್ದರು. ಅವರಿಗೆ ಮಾಸ್ತರರನ್ನು ಕಂಡರೆ ತಮಾಷೆ.

“ಏನ್ ಮಾಸ್ಟರ್, ಇಷ್ಟು ಫೋಟೋ ತೆಗೀತೀರಿ, ಕಾರು ತಗೊಳ್ಳೋ ಇರಾದೆ ಇದೆಯಾ?”

“ಇಲ್ಲ ಸಾಹೇಬರೆ. ಸಮುದ್ರ ನೋಡಲಿಕ್ಕೆ ಬಂದವರು ಸಮುದ್ರ ತಗೊಳ್ಳುತ್ತಾರೆಯೇ?”

“ಹಾಗಾದರೆ ಒಳಗೆ ಬನ್ನಿ, ಭಟ್ಕಳದ ತನಕ ಕೂತು ಬನ್ನಿ.”

ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು. “ಒಳಗೆ ಕೂತರೆ ಕಾರು ಕಾಣುವುದಿಲ್ಲವಲ್ಲ!”

ಸಾಹುಕಾರರು ಚಾ ನೆತ್ತಿಗೇರುವಷ್ಟು ನಕ್ಕರು. ಆಮೇಲಿನಿಂದ ತಮ್ಮ ಕಾರು ನಿಂತ ಕೂಡಲೆ ಡ್ರೈವರನಿಗೆ ಇಂಜಿನು ಆರಿಸಲು ತಾವೇ ಹೇಳುತ್ತಿದ್ದರು.

ಕಾರಿನ ಕಂಪನಿಗಳ ಹೆಸರು ಅವರಿಗೆ ಬಾಯಿಪಾಠ. ನನಗೆ ಒಂದೂ ನಾಲಿಗೆಯ ಮೇಲೆ ನಿಲ್ಲಲಿಲ್ಲ. ನಾನು ಮೀನಿನ ಮನೆಯಲ್ಲಿ ಹುಟ್ಟಿದವಳು, ನನಗೆ ಗೊತ್ತಿದ್ದ ಹೆಸರು ಇಟ್ಟೆ. ಅಗಲ ಮೈಯ, ಹಿಂದೆ ಎರಡು ಕಡೆ ರೆಕ್ಕೆ ಎತ್ತಿದ ಕಾರು ತೊರಕೆ. ಮೋಟು ಮೈಯ, ಎರಡು ದೀಪ ಕಣ್ಣಿನ ಹಾಗೆ ಹೊರಗೆ ಬಂದ ಹಳೇ ಸಣ್ಣ ಕಾರು ಏಡಿ. ದುಂಡು ಹೊಟ್ಟೆಯದು ಬಂಗಡೆ. ಉದ್ದ, ಬೂದಿ ಬಣ್ಣ, ಮೈಯೆಲ್ಲ ಮಿಂಚುವುದು ಇಸೋಣ. ಮಾಸ್ತರರು ಮೀನು ಮುಟ್ಟದ ಮನೆಯವರು. ಆದರೂ ಕೇಳಿದ ಕೂಡಲೆ ಚೀಟಿ ತೆಗೆದು ಬರೆದುಕೊಂಡರು. ಆಮೇಲೆ ನೋಡಿದರೆ ಪ್ರತಿ ಫೋಟೋದ ಹಿಂದೆ ಅವರ ಮುತ್ತಿನಂಥ ಅಕ್ಷರದಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ನನ್ನ ಹೆಸರು: ತೊರಕೆ, ಏಡಿ, ಬಂಗಡೆ. ಓದಲು ಹೆಚ್ಚು ಬಾರದ ನನ್ನ ಮಾತನ್ನು ಒಬ್ಬ ಮಾಸ್ತರ ಬರೆದಿಟ್ಟುಕೊಂಡದ್ದು ಅದೇ ಮೊದಲು.

ಇನ್ನು ಆ ಭಾನುವಾರದ ಮಾತು.

ದೇವಕಿಗೆ ಇಪ್ಪತ್ತು ತುಂಬಿತ್ತು. ಎರಡು ಸಂಬಂಧ ಬಂದು ತಪ್ಪಿದ್ದವು. ಮೂರನೆಯದು ಭಟ್ಕಳದಿಂದ ಬಂತು. ಹುಡುಗ ಅಲ್ಲಿ ಮೋಟಾರು ರಿಪೇರಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಕುಡಿಯುವುದಿಲ್ಲ, ಮಾತು ಕಡಿಮೆ ಎಂದು ಸಂಬಂಧ ತಂದ ನಮ್ಮ ಭಾವ ಹೇಳಿದರು. ಜಾತಕ ಕೂಡಿತು. ಹುಡುಗಿಯ ಫೋಟೋ ಬೇಕೆಂದರು. ಕುಮಟೆಯ ಸ್ಟುಡಿಯೋದಲ್ಲಿ ಮೊದಲೊಮ್ಮೆ ತೆಗೆಸಿದ್ದೆವು. ಅದರಲ್ಲಿ ದೇವಕಿ ಹೆದರಿ ಕಣ್ಣು ಮುಚ್ಚಿದ್ದಳು. ಆ ಫೋಟೋ ಕಳಿಸಿದ್ದಕ್ಕೇ ಮೊದಲಿನ ಎರಡು ಸಂಬಂಧ ತಪ್ಪಿದವು ಎಂದು ನನ್ನ ಗುಮಾನಿ.

ಮಾಸ್ತರರನ್ನು ಕೇಳಿದೆ. ಅವರು ಬೆವರಿದರು. ಗಾಬರಿಯಾದಾಗ ಅವರ ಬಾಯಲ್ಲಿ ಮನೆಮಾತು ಬಂದುಬಿಡುತ್ತಿತ್ತು. “ಯಂಗೆ ಬತ್ತಿಲ್ಲೆ ಅಕ್ಕಾ! ಮನುಷ್ಯರ ಫೋಟೋ ತೆಗೆಯಲಿಕ್ಕೆ ನನಗೆ ಬರುವುದಿಲ್ಲ. ಕಾರು ಆದರೆ ಅಲುಗುವುದಿಲ್ಲ, ನಾಚುವುದಿಲ್ಲ.”

“ಕಾರು ಅಂತ್ಲೇ ತಿಳ್ಕಂಡು ತೆಗೀರಿ ಮಾಸ್ತರ್ರೆ.”

ಅವರು ಅದನ್ನು ಅಕ್ಷರಶಃ ನಡೆಸಿದರು. ಆ ದಿನ ಸಾಲಿನಲ್ಲಿ ಮುಂಬಯಿಯಿಂದ ಮದುವೆಗೆ ಬಂದ ಒಂದು ಇಸೋಣ ನಿಂತಿತ್ತು. ಡ್ರೈವರನನ್ನು ಕೇಳಿ, ದೇವಕಿಯನ್ನು ಅದರ ಪಕ್ಕ ನಿಲ್ಲಿಸಿದರು. ಕಾರು ಒರೆಸಿದರು. ಒರೆಸುತ್ತಾ ಒರೆಸುತ್ತಾ ಅದೇ ಗುಂಗಿನಲ್ಲಿ ದೇವಕಿಯ ಹೆಗಲ ತನಕ ಕರವಸ್ತ್ರ ತಂದು, ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದರು. “ಅಲುಗಬೇಡ ತಂಗೀ. ಕೈ ಕಾರಿನ ಮೇಲೆ ಇಡು, ಗಟ್ಟಿ ನಿಲ್ಲಲಿಕ್ಕೆ ಆಧಾರ. ಹಾಂ. ಈಗ ದೀಪ ಎರಡೂ ನನ್ನ ಕಡೆ.” ದೀಪ ಎಂದರೆ ತನ್ನ ಕಣ್ಣು ಎಂದು ತಿಳಿದ ಕೂಡಲೆ ಹುಡುಗಿ ನಕ್ಕುಬಿಟ್ಟಳು. ಟಕ್ ಎಂದಿತು.

ರೋಲಿನಲ್ಲಿ ಇನ್ನೂ ಏಳು ಫೋಟೋಗೆ ಜಾಗವಿತ್ತು. ನಮಗೆ ಅವಸರವೆಂದು ಅದನ್ನು ಹಾಗೆಯೇ ತೆಗೆದು ತೊಳೆಯಲು ಕೊಟ್ಟರು. ಒಂದೂವರೆ ತಿಂಗಳು ಒಂದು ರೋಲು ಕಾಪಾಡುವ ಮನುಷ್ಯ ಅವರು. ಆ ಮಾತನ್ನು ನಮಗೆ ಹೇಳಲೂ ಇಲ್ಲ.

ಫೋಟೋ ಭಟ್ಕಳಕ್ಕೆ ಹೋಯಿತು. ಒಂದು ಭಾನುವಾರ ಮಾಸ್ತರರು ಅಂಗಡಿಯಲ್ಲಿ ಇರುವಾಗಲೇ ತಾರಿ ದಾಟಿ ಬಂದವರೊಬ್ಬರ ಕೈಯಲ್ಲಿ ಕಾಗದ ಬಂತು. ಅವರ ಕೈಗೇ ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು: “ಫೋಟೋ ನೋಡಿ ನಮಗೆಲ್ಲ ಪಸಂತಾಗಿದೆ. ಮುಂದಿನ ಶುಕ್ರವಾರ ಹೆಣ್ಣು ನೋಡಲು ಎಂಟು ಮಂದಿ ಬರುತ್ತೇವೆ. ಮನೆಯ ಹಿರಿಯರಿಗೆ ಬಸ್ಸಿನ ವಾಸನೆ ಆಗುವುದಿಲ್ಲ. ಆದ್ದರಿಂದ ತಮ್ಮ ಕಾರನ್ನು ಬೆಳಿಗ್ಗೆಯೇ ಕಳಿಸಿಕೊಡಬೇಕು.”

ಮಾಸ್ತರರು ನಿಲ್ಲಿಸಿ ಇನ್ನೊಮ್ಮೆ ಓದಿದರು. “ತಮ್ಮ ಕಾರನ್ನು.”

ನಮ್ಮ ಕಡೆ ಬೇರೆಯವರ ಕಾರಿಗೆ ಕೈ ಹಚ್ಚುವ ಧೈರ್ಯ ಯಾರಿಗಿದೆ? ಹತ್ತಿರ ನಿಂತು ನೋಡಬಹುದು, ಕನ್ನಡಿಯಲ್ಲಿ ಮೋರೆ ನೋಡಿಕೊಳ್ಳಬಹುದು, ಮುಟ್ಟುವ ಹಾಗಿಲ್ಲ. ಫೋಟೋದಲ್ಲಿ ದೇವಕಿ ಮನೆಯ ದನದ ಬೆನ್ನ ಮೇಲೆ ಇಟ್ಟ ಹಾಗೆ ಕೈ ಇಟ್ಟು ನಗುತ್ತಿದ್ದಳು. ಹುಡುಗಿಯ ಅಪ್ಪ ತಾರಿಯಲ್ಲಿದ್ದಾರೆ ಎಂದಷ್ಟೇ ಭಾವ ಹೇಳಿದ್ದರು, ತಾರಿಯ ಗುತ್ತಿಗೆ ಹಿಡಿದ ದೊಡ್ಡ ಕುಳ ಇವರು ಎಂದು ಭಟ್ಕಳದವರು ತಿಳಿದುಕೊಂಡಿದ್ದರು.

ನಮ್ಮವರು ತಲೆ ಕೆರೆದು ಒಂದು ಉಪಾಯ ಹೇಳಿದರು. “ಒಂದು ದಿನಕ್ಕೆ ಬಾಡಿಗೆ ಕಾರು ಕಳ್ಸಿದ್ರೆ ಆತಲ್ಲ.”

“ಆ ಕಾರು ತಾರಿ ಹತ್ತುವಾಗ ಹಲಗೆ ಯಾರು ಹಾಕುದು? ಹುಡುಗಿ ಅಪ್ಪನೇ ಹಲಗೆ ಹೊತ್ಕಂಡು ಬಂದ್ರೆ ಅವ್ರು ಎಂತ ತಿಳ್ಕಂತ್ರು?” ಎಂದೆ.

“ಆ ದಿನ ನಾ ಕೆಲ್ಸಕ್ಕೆ ಹೋಗುದಿಲ್ಲ.”

ಒಳಗಿನಿಂದ ದೇವಕಿ ಬಂದಳು. ಕಣ್ಣು ಕೆಂಪಾಗಿತ್ತು. “ಅಪ್ಪ ಅಡಗಿ ಕೂರುದಾದ್ರೆ ನಂಗೆ ಮದುವೆಯೇ ಬೇಡ. ಇಲ್ಲದ ಕಾರು ಹತ್ಕಂಡು ನಾ ಯಾರ ಮನೆಗೂ ಹೋಗುದಿಲ್ಲ.”

ಮೂರನೆಯದೂ ತಪ್ಪಿತು ಎಂದುಕೊಂಡೆ. ಮಾಸ್ತರರು ಟೋಪಿ ತೆಗೆದರು, ಹಾಕಿಕೊಂಡರು. “ಕೈ ಇಡಿಸಿದವ ನಾನು. ಅಕ್ಕಾ, ನಾಳೆ ನೀವು ನನ್ನ ಜೊತೆ ಭಟ್ಕಳಕ್ಕೆ ಬನ್ನಿ,” ಎಂದರು. ಜ್ವರ ಬಂದರೂ ಶಾಲೆ ತಪ್ಪಿಸದ ಮನುಷ್ಯ ಸೋಮವಾರ ರಜೆ ಹಾಕಿ ಬಂದರು. ಹೆಗಲಲ್ಲಿ ಖಾಕಿ ಚೀಲ, ಅದರಲ್ಲಿ ಮೂರು ದಪ್ಪ ಆಲ್ಬಮು.

ಭಟ್ಕಳದ ಮನೆಯಲ್ಲಿ ಹುಡುಗನ ತಾಯಿ, ನಾವು ಹೊನ್ನಾವರದ ಹುಡುಗಿಯ ಕಡೆಯವರು ಎಂದ ಕೂಡಲೆ, ನಮ್ಮ ಬೆನ್ನ ಹಿಂದೆ, ರಸ್ತೆಯ ಕಡೆ ನೋಡಿದಳು. “ಕಾರು ಎಲ್ಲಿ ನಿಲ್ಸಿದ್ರಿ?”

“ಬಸ್ಸಿಗೆ ಬಂದೆವು,” ಎಂದರು ಮಾಸ್ತರರು.

“ಕಾರು ಕೆಟ್ಟದ್ಯಾ?”

“ಕೆಡಲಿಕ್ಕೆ ಕಾರೇ ಇಲ್ಲ ಅಮ್ಮಾ.”

ಜಗಲಿಯ ಮೇಲೆ ಕೂತು ಅವರು ಮೂರೂ ಆಲ್ಬಮು ಬಿಡಿಸಿ ಇಟ್ಟರು. “ಇಷ್ಟು ಕಾರಿನ ಫೋಟೋ ತೆಗೆದವ ನಾನು. ಇದರಲ್ಲಿ ಒಂದೂ ನನ್ನದಲ್ಲ. ನಿಮಗೆ ಬಂದ ಫೋಟೋದ ಕಾರೂ ಇವರದಲ್ಲ. ಹುಡುಗಿಯ ಅಪ್ಪ ತಾರಿಯಲ್ಲಿ ಹಲಗೆ ಹಾಕುತ್ತಾರೆ, ಇವರು ಚಾ ಮಾರುತ್ತಾರೆ. ಅವಳ ಕೈಯನ್ನು ಕಾರಿನ ಮೇಲೆ ಇಡಿಸಿದವನೂ ನಾನೇ. ಬೈಯುವುದಿದ್ದರೆ ನನಗೆ ಬೈಯಿರಿ.”

ಆಕೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನಾ ಕೇರಿಗೆಲ್ಲ ಹೇಳಿ ಆತು. ಬರು ಸೊಸೆ ಮನೇಲಿ ಕಾರು ಅದೆ ಅಂದೆ. ನಾಳೆ ಯಾವ ಮೋರೆ ಹೊತ್ಕಂಡು ಬಾವಿಗೆ ಹೋಗ್ಲಿ?” ಎಂದಳು.

“ನಾವು ಹಂಗೆ ಹೇಳ್ಲಿಲ್ಲ ಅತ್ತಿಗೆ...”

“ಹೇಳ್ಲಿಲ್ಲ. ಕೈ ಇಟ್ಟಳಲ್ಲ!”

ಅಷ್ಟರಲ್ಲಿ ಹುಡುಗ ಊಟಕ್ಕೆಂದು ಗ್ಯಾರೇಜಿನಿಂದ ಬಂದ. ಮೊಣಕೈ ತನಕ ಕಪ್ಪು ಎಣ್ಣೆ. ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. ಮಾತು ಕಡಿಮೆ ಎಂದಿದ್ದರಲ್ಲ, ಆ ದಿನ ಇದ್ದದ್ದೆಲ್ಲ ಆಡಿದ.

“ಅಬ್ಬೆ, ಫೋಟೋ ಬಂದ ದಿನವೇ ನಂಗೆ ಗೊತ್ತಿತ್ತು. ಅದು ಮುಂಬಯಿ ಕಾರು. ರೇಡಿಯೇಟರು ಸೋರ್ತದೆ ಅಂತ ನಮ್ಮ ಗ್ಯಾರೇಜಿಗೇ ಬಂದಿತ್ತು, ನಾನೇ ಬೆಸುಗೆ ಹಾಕಿದ್ದು. ನಂಬರೂ ಅದೇ, ಎಡಗಡೆ ದೀಪದ ಕೆಳಗಿನ ಗೀರೂ ಅದೇ.”

“ಗೊತ್ತಿದ್ದೂ ಬಾಯಿ ಮುಚ್ಕಂಡಿದ್ಯನೋ?”

“ಕಾರು ನೋಡಿ ನೀ ಹೂಂ ಅಂದೆ. ಹುಡ್ಗಿ ನೋಡಿ ನಾ ಹೂಂ ಅಂದೆ. ಇಬ್ರೂ ಹೂಂ ಅಂದ ಮೇಲೆ ನಾ ಎಂತಕೆ ಬಾಯಿ ಬಿಡ್ಲಿ?”

ನಗು ಬಂದರೂ ನಾನು ಸೆರಗು ಕಚ್ಚಿ ತಡೆದುಕೊಂಡೆ. ಆಕೆ ಸಿಟ್ಟಿನಲ್ಲಿ ಮಗನ ಕಡೆ ಬೆನ್ನು ಹಾಕಿ, ಎದುರಿಗಿದ್ದ ಆಲ್ಬಮು ತಿರುವತೊಡಗಿದ್ದಳು. ಒಂದು ಹಾಳೆ, ಎರಡು ಹಾಳೆ. ಕೈ ನಿಧಾನವಾಯಿತು. ತೊರಕೆ ನೋಡಿದಳು, ಏಡಿ ನೋಡಿದಳು. ಮೂರನೇ ಆಲ್ಬಮಿನ ಕೊನೆಗೆ ಬಂದು ಕೇಳಿದಳು: “ಇಷ್ಟು ಕಾರು ತೆಗ್ದೀರಿ, ಒಂದ್ರಾಗೂ ಜನವೇ ಇಲ್ಲವಲ್ಲ ಮಾಸ್ತರ್ರೆ?”

“ಒಂದರಲ್ಲಿ ಇದ್ದರು,” ಎಂದರು ಮಾಸ್ತರರು. “ಅದು ನಿಮ್ಮ ಹತ್ತಿರ ಇದೆ.”

ಆಕೆ ಎದ್ದು ಒಳಗೆ ಹೋದಳು. ದೇವರ ಪಟದ ಹಿಂದಿನಿಂದ ಫೋಟೋ ತಂದಳು. ಬೆಳಕಿಗೆ ಹಿಡಿದು, ಕಾರು ಇದ್ದ ಭಾಗವನ್ನು ಅಂಗೈಯಿಂದ ಮುಚ್ಚಿ, ಉಳಿದದ್ದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಾಸ್ತರರು ಅಂಗಳದ ತುಳಸಿಯನ್ನು ದಿಟ್ಟಿಸುತ್ತಿದ್ದರು.

“ಚಲೋ ನಗ್ತದೆ ಹುಡ್ಗಿ,” ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, “ಶುಕ್ರವಾರ ಬಸ್ಸಿಗೇ ಬತ್ತೇವು. ಬಸ್ಸು ಕಾರಿಗಿಂತ ದೊಡ್ಡದು ಅಂತ ಹೇಳ್ತೆ ಕೇರಿಗೆ. ಕೈ ತೊಳ್ಕಳಿ, ಅನ್ನ ಆತು.”

ಮಾಸ್ತರರು ಆ ಮನೆಯಲ್ಲಿ ಮಜ್ಜಿಗೆ ಅಷ್ಟೇ ಕುಡಿದರು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಹತ್ತಿರ ಕೂತು ಎದುರಿಗೆ ಬಂದ ಪ್ರತಿ ಕಾರಿನ ಹೆಸರು ಹೇಳಿದರು. ನಾನು ಮೀನಿನ ಹೆಸರು ಹೇಳಿದೆ. ಮುಂದಿನ ಸೀಟಿನವರು ನಾಲ್ಕು ಸಲ ತಿರುಗಿ ನೋಡಿದರು.

ಶುಕ್ರವಾರ ಎಂಟು ಮಂದಿ ಬಂದರು. ಆಚೆ ದಡದಲ್ಲಿ ಬಸ್ಸಿಳಿದು ತಾರಿಯಲ್ಲಿ ದಾಟಿದರು. ಹಲಗೆ ಹಾಕಿ, ಆ ಹಿರಿಯರನ್ನು ಕೈಹಿಡಿದು ದಡಕ್ಕೆ ಇಳಿಸಿದವರು ನಮ್ಮವರೇ. ಮದುವೆಗೆ ಮಾಸ್ತರರು ಬಂದರು, ಕ್ಯಾಮರಾ ತಂದರು. ಎಲ್ಲರೂ ಹೊಸ ಸೀರೆ, ಹೊಸ ಅಂಗಿ ಸರಿಮಾಡಿಕೊಂಡು ಕಾದದ್ದೇ ಬಂತು. ಅವರು ಹೊಳೆ ದಾಟಿ ಹೋಗಿ, ಮಾವಿನೆಲೆ ಕಟ್ಟಿಕೊಂಡು ನಿಂತ ದಿಬ್ಬಣದ ಬಸ್ಸಿನ ಎರಡು ಫೋಟೋ ತೆಗೆದು ಬಂದರು. “ಮುಂದಿನ ಮೋರೆ ಎಷ್ಟು ಲಕ್ಷಣವಾಗಿದೆ!” ಎಂದು ನನ್ನ ಹತ್ತಿರ ಹೇಳಿದರು. ಬಸ್ಸಿನದ್ದು.

ಇವತ್ತು ಸಂಜೆ ಇಲ್ಲಿ ನಿಲ್ಲಿಸಬೇಕು, ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ಎದ್ದು ಹೋಗಿದ್ದೆ. ಊಟ ಮುಗಿಸಿ ಬಂದು ಉಳಿದದ್ದು ಬರೆಯುತ್ತಿದ್ದೇನೆ. ಭಟ್ಕಳದಿಂದ ಅಳಿಯ, ಬೀಗರು, ಬೀಗತಿ ಎಲ್ಲರೂ ನಾಲ್ಕರ ಬಸ್ಸಿಗೆ ಬಂದರು. ಬೀಗತಿ ಕಾಲು ತೊಳೆದವಳೇ ಮಗುವಿನ ಹತ್ತಿರ ಹೋಗಿ ಕೂತಳು, ಊಟಕ್ಕೆ ಎಬ್ಬಿಸಲು ಮೂರು ಸಲ ಕರೆಯಬೇಕಾಯಿತು. ನಮ್ಮವರು ದೊಡ್ಡ ಮೀನು ತಂದಿದ್ದರು. ಕೆಂಪಕ್ಕಿ ಅನ್ನ, ಮೀನಿನ ಹುಳಿ, ಹುರಿದ ಹೋಳು, ಬೆಲ್ಲದ ಪಾಯಸ. ಜಗಲಿಯಲ್ಲಿ ಸಾಲಾಗಿ ಬಾಳೆಲೆ ಹಾಕಿದೆವು. ದೇವಕಿ ಒಳಕೋಣೆಯಲ್ಲಿ ಬೆಳ್ಳುಳ್ಳಿ ಸಾರು ಅನ್ನ ಉಣ್ಣುತ್ತಿದ್ದಳು. ಅವಳೂ ಪಂಕ್ತಿಯಲ್ಲಿ ಇದ್ದ ಹಾಗಾಗಲಿ ಎಂದು ಬಾಗಿಲು ತೆರೆದಿಟ್ಟೆ.

“ನಾಳೆ ಕೇರಿಗೆ ಹೋಗಿ ಎಂತ ಹೇಳ್ತ್ರಿ ಬೀಗತ್ತಿ?” ಎಂದು ನಮ್ಮವರು ಕೆಣಕಿದರು. “ಮೊಮ್ಮಗಳು ಹುಟ್ಟಿದ ಕೂಡ್ಲೆ ಮಾತಾಡ್ತು ಅಂತ್ಲಾ?”

“ಹೋಗಿ, ನೀವೊಬ್ರು!” ಎಂದಳು ಬೀಗತಿ. ಅನ್ನ ಕಲಸುತ್ತಾ ಸ್ವಲ್ಪ ಯೋಚಿಸಿ ಹೇಳಿದಳು: “ಇದ್ದದ್ದೇ ಹೇಳ್ತೆ. ಈ ಸಲ ಇದ್ದದ್ದೇ ಬೇಕಾದಷ್ಟದೆ.”

ಅಳಿಯ ತಲೆ ತಗ್ಗಿಸಿ ನಕ್ಕ. ಆಗ ಒಳಗೆ ಮಗು ಅತ್ತಿತು. ತುತ್ತು ಎತ್ತಿದ ಕೈಗಳೆಲ್ಲ ಎತ್ತಿದಲ್ಲೇ ನಿಂತವು. ಎಲೆಯ ಮುಂದೆ ಕೂತ ಅಷ್ಟು ಜನ ಒಳಬಾಗಿಲ ಕಡೆ ಕಿವಿಯಿಟ್ಟು ಕೇಳಿದೆವು. ದೇವಕಿ ಏನೋ ಮೆಲ್ಲಗೆ ಹೇಳಿದಳು, ಅಳು ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೇ ತುತ್ತು ಬಾಯಿಗಿಟ್ಟೆವು. ನಾನು ಎದ್ದು ಇನ್ನೊಂದು ಸುತ್ತು ಅನ್ನ ಬಡಿಸಿದೆ.